ಕೆಲಸದ ದಿನದ ಸಕ್ಕರೆ

ನನ್ನ ತಮ್ಮ ರಾಮ ಅಡಿಕೆ ಮರದಿಂದ ಬಿದ್ದು ಸತ್ತ. ಕಾಗದದಲ್ಲಿ ಕಾಲು ಜಾರಿ ಎಂದು ಬರೆದಿದ್ದಾರೆ. ಮೂವತ್ತೊಂದು ವರ್ಷ ಉಪಕೇಂದ್ರದಲ್ಲಿ ನರ್ಸ್ ಆಗಿ ಕೆಲಸ ಮಾಡಿದ ನಾನು ಆ ಮಾತನ್ನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಇಪ್ಪತ್ತಾರು ವರ್ಷ ಜಾರದ ಕಾಲು ಆವತ್ತು ಯಾಕೆ ಜಾರಿತು ಎಂದು ಯಾರೂ ಕೇಳಲಿಲ್ಲ. ನನಗೆ ಉತ್ತರ ಗೊತ್ತಿದೆ. ಅದರಲ್ಲಿ ನನ್ನ ಪಾಲೂ ಇದೆ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಸಿಸ್ಟರ್ ಎಂದು ಕೇಳುತ್ತಾರೆ. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ನಾನು ಓದಿದ್ದು ಹತ್ತನೇ ತರಗತಿ, ಆಮೇಲೆ ಇಲಾಖೆಯ ತರಬೇತಿ. ಬರೆದದ್ದೆಂದರೆ ರಿಜಿಸ್ಟರು ಮಾತ್ರ. ಆದರೂ ಬರೆಯುತ್ತೇನೆ. ಯಾವ ವರ್ಷ ಎಲ್ಲಿಗೆ ವರ್ಗ ಆಯಿತು, ಯಾವ ಸಮಾರಂಭದಲ್ಲಿ ಯಾರು ಹಾರ ಹಾಕಿದರು ಎಂಬುದು ಇದರಲ್ಲಿಲ್ಲ. ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚಿದ್ದು, ಚುಚ್ಚಬೇಕಾದಾಗ ಚುಚ್ಚದೆ ಉಳಿದದ್ದು, ಅಷ್ಟೇ ಇದೆ.

ನನ್ನ ಮೊದಲ ಕೆಲಸ ಯಲ್ಲಾಪುರ ತಾಲೂಕಿನಲ್ಲಿ. ಆಗ ಬೆರಳು ಚುಚ್ಚುವ ಮಿಷನ್ ಇರಲಿಲ್ಲ. ಮೂತ್ರ ನೋಡುತ್ತಿದ್ದೆವು. ಗಾಜಿನ ನಳಿಗೆಯಲ್ಲಿ ನೀಲಿ ಔಷಧ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿದ ಮೇಲೆ ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣ ಬಂದರೆ ತಾಲೂಕು ಆಸ್ಪತ್ರೆಗೆ ಚೀಟಿ. ಸೀರೆಗೆ ಹಿಡಿದ ಆ ವಾಸನೆ ಎರಡು ನೀರಿಗೆ ಹೋಗುತ್ತಿರಲಿಲ್ಲ.

ಅಲ್ಲಿ ಒಬ್ಬ ಮುದುಕರಿದ್ದರು. ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಇಟ್ಟಿಗೆ ಬಣ್ಣ ಬರಬೇಕಾದ ಮನುಷ್ಯ, ಮೂರು ತಿಂಗಳು ತಂದ ಸೀಸೆಯೂ ನೀಲಿ. ನಾಲ್ಕನೇ ತಿಂಗಳು ನಾನು ಸೀಸೆ ಎತ್ತಿ ಹಿಡಿದು ಕೇಳಿದೆ.

“ಅಜ್ಜ, ನಿಜ ಹೇಳಿ. ಇದು ಯಾರದ್ದು?”

“ನಮ್ಮನೆಯವಳದ್ದು.”

“ಅವರಿಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ!”

“ಅದಕ್ಕೇ ತಂದದ್ದು. ನಂದು ತಂದ್ರೆ ನೀವು ಬೈತೀರಿ. ಅವಳದ್ದು ಚೊಲೋ ಬರ್ತದೆ.”

ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬೈದರೆ ಜನ ಕಾಯಿಲೆ ಬಿಡುವುದಿಲ್ಲ, ನಿಜ ಹೇಳುವುದನ್ನು ಬಿಡುತ್ತಾರೆ ಎಂದು ಅಜ್ಜ ಆವತ್ತೇ ಕಲಿಸಿಕೊಟ್ಟಿದ್ದರು. ನಾನು ಕಲಿಯಲಿಲ್ಲ. ಮುಂದಿನ ಇಪ್ಪತ್ತು ವರ್ಷ ಬೈಯುತ್ತಲೇ ಇದ್ದೆ. ಒಳ್ಳೆಯ ನರ್ಸ್ ಅಂದರೆ ಜೋರು ಇರಬೇಕು ಎಂದು ನಮ್ಮ ಮೇಲಿನವರು ನಂಬಿದ್ದರು. ನಾನೂ ನಂಬಿದ್ದೆ.

ಆಮೇಲೆ ಶಿರಸಿ ತಾಲೂಕಿನ ಮತ್ತಿಘಟ್ಟದ ಕಡೆ ಕೆಲವು ವರ್ಷ ಇದ್ದೆ. ಗ್ಲುಕೋಮೀಟರನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯಲ್ಲಿ ಅಲ್ಲ, ಅಲ್ಲಿನ ಒಂದು ತೋಟದ ಮನೆಯ ಜಗಲಿಯ ಮೇಲೆ. ಮನೆಯ ಹಿರಿಯಾಕೆ ಭಾಗೀರಥಿಯಮ್ಮ. ಎಪ್ಪತ್ತು ದಾಟಿದವರು, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಮಗಳು ತಂದುಕೊಟ್ಟ ಮಿಷನ್ನು ಅವರ ಕೈಯಲ್ಲಿ ಪಳಗಿತ್ತು. ಪಕ್ಕದಲ್ಲಿ ಒಂದು ನೋಟುಪುಸ್ತಕ. ಹಲಸಿನ ಹಣ್ಣು ಎಂಟು ತೊಳೆ, ಇಷ್ಟು. ಕಬ್ಬಿನ ಹಾಲಿನ ಸಿಹಿ ತೊಡೆದೇವು ಒಂದು, ಇಷ್ಟು. ಅಂಗಳ ಗುಡಿಸಿದ ಮೇಲೆ, ಇಷ್ಟು. ಇಸ್ಪೀಟಿನಲ್ಲಿ ಸೋತ ಸಂಜೆಯದ್ದೂ ಬರೆದಿಟ್ಟಿದ್ದರು.

“ಇಷ್ಟೆಲ್ಲ ಚುಚ್ಚಿಕೊಳ್ಳಬೇಡಿ ಅಮ್ಮ. ಮನೆಯ ಮಿಷನ್ ಸರಿ ತೋರಿಸುವುದಿಲ್ಲ” ಎಂದೆ. ತರಬೇತಿಯಲ್ಲಿ ನಮಗೆ ಹಾಗೆಯೇ ಹೇಳಿದ್ದರು.

“ಸರಿ ತೋರಿಸ್ತಿಲ್ಲೆ ಹೇಳಿ ನಿಂಗೆ ಹೇಳ್ದವು ಯಾರು ತಂಗಿ? ಹತ್ತಿಪ್ಪತ್ತು ಆಚೀಚೆ ಆಗ್ತು, ಆಗ್ಲಿ. ಡಾಕ್ಟ್ರು ತಿಂಗಳಿಗೊಂದ್ಸಲ ಎನ್ನ ಮೋರೆ ನೋಡ್ತ. ಇದು ದಿನಾ ನೋಡ್ತು. ಎಂತ ತಿಂದ್ರೆ ಎಷ್ಟು ಏರ್ತು ಹೇಳಿ ಡಾಕ್ಟ್ರಿಗೆ ಗೊತ್ತಿಲ್ಲೆ, ಎಂಗೆ ಗೊತ್ತಿದ್ದು.”

ನಾನು ತಲೆಯಾಡಿಸಿ ಎದ್ದು ಬಂದೆ. ದುಡ್ಡಿದ್ದವರ ಶೋಕಿ ಎಂದುಕೊಂಡೆ. ಅದೇ ಮನೆಯ ತೋಟದಲ್ಲಿ ಕೆಲಸ ಮಾಡುವ ಹೆಂಗಸಿಗೂ ಅದೇ ಕಾಯಿಲೆ ಇತ್ತು. ಅವಳ ಬೆರಳನ್ನು ಯಾರೂ ತಿಂಗಳಿಗೊಮ್ಮೆಗಿಂತ ಹೆಚ್ಚು ಮುಟ್ಟುತ್ತಿರಲಿಲ್ಲ. ಒಂದೇ ತೋಟ, ಒಂದೇ ಕಾಯಿಲೆ, ಒಬ್ಬರಿಗೆ ದಿನಾ ಗೊತ್ತಾಗುತ್ತದೆ, ಇನ್ನೊಬ್ಬರಿಗೆ ಇಲ್ಲ. ಇದು ಶೋಕಿಯ ಮಾತಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಕೊನೆಗೆ ಸಿದ್ದಾಪುರ ತಾಲೂಕಿಗೆ, ನನ್ನ ತವರಿನ ಕಡೆಗೇ, ವರ್ಗ ಆಯಿತು. ತವರುಮನೆ ಕೋಲಸಿರ್ಸಿಯ ಹತ್ತಿರ. ರಾಮ ಮತ್ತು ಅವನ ಹೆಂಡತಿ ನಾಗವೇಣಿ ಅಲ್ಲಿಯೇ ಇದ್ದರು. ಉಪಕೇಂದ್ರದ ಹೆಸರು ಬೇಡ. ಈಗ ಅಲ್ಲಿರುವ ಹುಡುಗಿಗೆ ತೊಂದರೆ ಆಗುವುದು ನನಗೆ ಇಷ್ಟವಿಲ್ಲ.

ಅಷ್ಟೊತ್ತಿಗೆ ಸರ್ಕಾರದಿಂದಲೇ ಗ್ಲುಕೋಮೀಟರು ಬಂದಿತ್ತು. ಆದರೆ ಅದು ಬಂದು ಸೇರಿದ್ದು ಕಪಾಟಿಗೆ. ಬೀಗದ ಕೈ ಮೇಲ್ವಿಚಾರಕರ ಹತ್ತಿರ. ಅವರು ವಾರಕ್ಕೊಮ್ಮೆ ಬರುತ್ತಿದ್ದರು. ರಕ್ತದ ಹನಿ ಹಾಕುವ ಪಟ್ಟಿ, ಸ್ಟ್ರಿಪ್ ಎನ್ನುತ್ತೇವಲ್ಲ, ಅದು ಹಾಳಾಗಬಾರದೆಂದು ಈ ವ್ಯವಸ್ಥೆ. ಒಂದು ವರ್ಷ ಕಪಾಟು ತೆಗೆದು ನೋಡಿದಾಗ ಎರಡು ಡಬ್ಬಿ ಪಟ್ಟಿಗೆ ಅವಧಿ ಮುಗಿದಿತ್ತು. ಹಾಳಾಗಬಾರದೆಂದು ಇಟ್ಟೇ ಹಾಳುಮಾಡಿದ್ದರು. ಹಾಗೆಂದು ಬರೆಯಲೇ ಎಂದು ನಾನು ಕೇಳಿದೆ. “ಹವಾಮಾನದಿಂದ ಹಾಳಾದದ್ದು ಅಂತ ಬರೀರಿ” ಎಂದರು. ಬರೆದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಪರೀಕ್ಷೆ ತಿಂಗಳಿಗೊಂದು ಮಂಗಳವಾರ, ಡಾಕ್ಟರು ಕೂರುವ ಆರೋಗ್ಯ ಕೇಂದ್ರದಲ್ಲಿ; ಅವತ್ತು ನಾನೂ ಅಲ್ಲಿಯೇ. ಗುಳಿಗೆಯೂ ಅವತ್ತೇ. ಮಂಗಳವಾರದ ಜನರನ್ನು ನೀವು ನೋಡಬೇಕು. ಶಾಲೆಯ ಪರೀಕ್ಷೆಗೆ ಹೊರಟವರ ಹಾಗೆ ತಯಾರಾಗಿ ಬರುತ್ತಿದ್ದರು. ಹಿಂದಿನ ದಿನದಿಂದ ಅನ್ನ ಬಿಟ್ಟವರು, ಹಾಗಲಕಾಯಿ ರಸ ಕುಡಿದವರು, ಬಸ್ಸಿದ್ದರೂ ನಡೆದುಕೊಂಡೇ ಬಂದವರು. ಇವರಿಗೆ ಒಳ್ಳೆಯ ಸಂಖ್ಯೆ ಬರುತ್ತಿತ್ತು. ನಾನು ಶಭಾಷ್ ಎನ್ನುತ್ತಿದ್ದೆ. ಇನ್ನು ಕೆಲವರಿಗೆ ಅದು ತಿಂಗಳಿಗೊಂದೇ ರಜೆ. ಮನೆಯಲ್ಲಿ ದೋಸೆ ಹೊಯ್ಯುವ ದಿನ. ಇವರಿಗೆ ಕೆಟ್ಟ ಸಂಖ್ಯೆ ಬರುತ್ತಿತ್ತು. ಇವರನ್ನು ಬೈಯುತ್ತಿದ್ದೆ. ಎರಡೂ ಸಂಖ್ಯೆ ಆ ಮಂಗಳವಾರದ್ದು, ಉಳಿದ ದಿನಗಳದ್ದಲ್ಲ ಎಂಬ ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲಿಲ್ಲ. ಡಾಕ್ಟರ ತಲೆಗೂ ಹೋಗಲಿಲ್ಲ.

ರಾಮ ಈ ಎರಡನೆಯ ಗುಂಪಿನವನು.

ಅವನು ಕೊನೆಗೌಡ. ಅಂದರೆ ಅಡಿಕೆ ಮರ ಹತ್ತಿ ಗೊನೆಯನ್ನು, ನಮ್ಮ ಕಡೆಯ ಮಾತಿನಲ್ಲಿ ಕೊನೆಯನ್ನು, ಕೊಯ್ದು ಹಗ್ಗದ ಮೇಲೆ ಇಳಿಸಿಬಿಡುವವನು. ಒಂದು ಮರ ಮುಗಿಯಿತೆಂದು ಕೊನೆಗೌಡ ಇಳಿಯುವುದಿಲ್ಲ. ಇದ್ದ ಮರವನ್ನೇ ತೂಗಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು, ಆಚೆಗೆ ದಾಟುತ್ತಾನೆ. ಬೆಳಿಗ್ಗೆ ಹತ್ತಿದರೆ ಎಷ್ಟೋ ಹೊತ್ತು ಮೇಲೆಯೇ. ಬೆಳಿಗ್ಗೆ ಗುಳಿಗೆ ನುಂಗಿ, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದ. ಹೊಟ್ಟೆ ತುಂಬಿದ್ದರೆ ಮರ ಹತ್ತಲು ಆಗುವುದಿಲ್ಲ ಎನ್ನುತ್ತಿದ್ದ. ಅವರೆಲ್ಲ ಹಾಗೆಯೇ. ತಿಂಡಿ ಹತ್ತು ಗಂಟೆಯ ಮೇಲೆ, ಇಳಿದ ಮೇಲೆ.

ಈಗ ನೀವೇ ಲೆಕ್ಕ ಹಾಕಿ. ಸಕ್ಕರೆ ಇಳಿಸುವ ಗುಳಿಗೆ ಹೊಟ್ಟೆಯಲ್ಲಿದೆ. ಅನ್ನ ಇಲ್ಲ. ಮೈಯೆಲ್ಲ ದುಡಿಯುತ್ತಿದೆ. ರಕ್ತದ ಸಕ್ಕರೆ ಇಳಿದೇ ಇಳಿಯುತ್ತದೆ. ತೀರ ಇಳಿದರೆ ಬೆವರು, ನಡುಕ, ಕಣ್ಣು ಮಂಜು, ಆಮೇಲೆ ಎಚ್ಚರ ತಪ್ಪುವುದು. ಇದು ನನ್ನ ತರಬೇತಿ ಪುಸ್ತಕದಲ್ಲೇ ಇತ್ತು. ಆದರೆ ಮಂಗಳವಾರ ರಾಮ ಮರ ಹತ್ತುತ್ತಿರಲಿಲ್ಲ. ಮಂಗಳವಾರ ಅವನು ದೋಸೆ ತಿಂದು, ವ್ಯಾನಿನಲ್ಲಿ ಕೂತು ಬರುತ್ತಿದ್ದ.

ಆ ಮಂಗಳವಾರ ಅವನದು ಇನ್ನೂರ ಅರವತ್ತು ಬಂತು. ನನಗೆ ಸಿಟ್ಟು. ನರ್ಸಿನ ತಮ್ಮನೇ ಹೀಗಾದರೆ ಹೇಗೆ ಎಂದು ಮೇಲ್ವಿಚಾರಕರು ಹಿಂದಿನ ತಿಂಗಳಷ್ಟೇ ಅಂದಿದ್ದರು. ಎಲೆಯಡಿಕೆಯ ಕವಳ ಹಾಕುವ ನೆಪದಲ್ಲಿ ಅವನ ಸಂಚಿ ತೆಗೆದುಕೊಂಡೆ. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಕೆಳಗೆ ಕಾಗದದಲ್ಲಿ ಸುತ್ತಿದ ಬೆಲ್ಲದ ತುಂಡು.

“ಇದೆಂತದೋ ಇದು?”

“ಬೆಲ್ಲ ಅಕ್ಕ.”

“ಬೆಲ್ಲ ಅಂತ ನಂಗೂ ಕಾಣ್ತದೆ. ಸಣ್ಣ ಮಕ್ಕಳ ಥರ ಕದ್ದು ತಿಂತೀಯಲ್ಲ, ನಾಚಿಕೆ ಆಗೂದಿಲ್ವ? ನಾನಿಲ್ಲಿ ಗುಳಿಗೆ ಕೊಡೂದು, ನೀ ಅಲ್ಲಿ ಬೆಲ್ಲ ಮುಕ್ಕೂದು!”

ಸಾಲಿನಲ್ಲಿದ್ದವರು ನಕ್ಕರು. “ಸಿಕ್ಕಿಬಿದ್ದ ನೋಡು ರಾಮಣ್ಣ” ಎಂದು ಯಾರೋ ಅಂದರು. ರಾಮನೂ ನಕ್ಕ.

“ಬಾಯಿ ಕೆಟ್ಟಿರ್ತದೆ ಅಕ್ಕ, ಅದಕ್ಕೆ.”

“ಇನ್ನು ಮುಟ್ಟೂದಿಲ್ಲ ಅಂತ ಆಣೆ ಹಾಕು.”

“ಆತು ಮಾರಾಯ್ತಿ. ಹಾಕ್ದೆ.”

ಬೆಲ್ಲವನ್ನು ನಾನು ಕಿಟಕಿಯಿಂದ ಹೊರಗೆ ಎಸೆದೆ. ಡಾಕ್ಟರು ಇನ್ನೂರ ಅರವತ್ತು ನೋಡಿ, ಬೆಳಗಿನ ಒಂದು ಗುಳಿಗೆಯನ್ನು ಎರಡು ಮಾಡಿದರು. ಗುಳಿಗೆ ಎಣಿಸಿ ಕೊಟ್ಟವಳು ನಾನು. ಹನ್ನೊಂದು ದಿನಕ್ಕೆ ರಾಮ ಬಿದ್ದ.

ಆ ದಿನದ ಬಗ್ಗೆ ಬರೆಯುವುದಿಲ್ಲ. ನಾನು ತಲುಪುವಾಗ ಅವನ ಕೈ ಇನ್ನೂ ಬೆಚ್ಚಗಿತ್ತು ಎಂಬುದಷ್ಟು ಸಾಕು.

ಹದಿಮೂರನೇ ದಿನ ಕಳೆದ ಮೇಲೆ ತಿಮ್ಮಪ್ಪ ಬಂದ. ರಾಮ ಮರದ ಮೇಲಿದ್ದರೆ ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುತ್ತಿದ್ದವನು ಅವನೇ. ಹದಿನೆಂಟು ವರ್ಷ ಜೊತೆಯಾಗಿ ದುಡಿದವರು. ಅವನಿಗೂ ಸಕ್ಕರೆ ಕಾಯಿಲೆ, ಅದೇ ಗುಳಿಗೆ. ನಾಗವೇಣಿ ಒಳಗಿದ್ದಳು. ಅವನು ಜಗಲಿಯ ಅಂಚಿನಲ್ಲಿ ಕುಳಿತು ಬಹಳ ಹೊತ್ತು ಕಾಲಬೆರಳು ನೋಡುತ್ತಿದ್ದ.

“ಅಕ್ಕೋರೆ, ಒಂದು ಮಾತು ಹೇಳ್ಬೇಕು. ಹೇಳ್ಲೋ ಬ್ಯಾಡ್ವೋ ಗೊತ್ತಾಗ್ತಿಲ್ಲ.”

“ಹೇಳು.”

“ರಾಮಣ್ಣಂಗೆ ಮೇಲೆ ನಡುಕ ಬರ್ತಿತ್ತು. ಒಂದು ವರ್ಷ ಆತು. ಬೆಲ್ಲ ಬಾಯಿಗೆ ಹಾಕ್ದ್ರೆ ಸರಿ ಆಗ್ತಿತ್ತು.”

“ನಂಗ್ಯಾಕೆ ಹೇಳ್ಲಿಲ್ಲ ನೀನು?”

“ಹೆಂಗೆ ಹೇಳೂದು? ಕೈ ನಡುಗೋ ಕೊನೆಗೌಡನ್ನ ಯಾರು ತೋಟಕ್ಕೆ ಕರೀತಾರೆ? ಬಾಯಿ ಬಿಡ್ಬ್ಯಾಡ ಅಂದಿದ್ದ.” ಮತ್ತೆ ಅವನೇ ಹೇಳಿದ. “ಆವತ್ತು ಮೇಲಿಂದ ಕೂಗ್ದ. ತಿಮ್ಮಾ, ಬೆಲ್ಲ ಇದ್ಯನಾ ಅಂತ. ನಾನು ತಮಾಷೆ ಮಾಡ್ದೆ ಅಕ್ಕೋರೆ. ಅಕ್ಕಂಗೆ ಹೇಳ್ಕೊಡ್ತೆ ನೋಡು ಅಂದೆ. ಅವ ನಗಾಡ್ದ. ಆಮೇಲೆ ಆಚೆ ಮರಕ್ಕೆ ಕೈ ಚಾಚ್ದ.”

ಅಷ್ಟರಲ್ಲಿ ನಾಗವೇಣಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳಿಗೆ ಹೇಳಬೇಕಿತ್ತು. ಸಂಚಿ ತೆಗೆದದ್ದು, ಬೈದದ್ದು, ಎಸೆದದ್ದು, ಗುಳಿಗೆ ಎರಡಾದದ್ದು, ಎಲ್ಲ ಹೇಳಿದೆ.

“ಬೆಲ್ಲ ನಾನೇ ಇಡ್ತಿದ್ದೆ ಅತ್ತಿಗೆ” ಎಂದಳು. “ನೀವು ಬೈದ್ರಿ ಅಂತ ಇವರು ಬಂದು ಹೇಳಿದ್ರು. ಆವತ್ತಿಂದ ಇಡೂದು ಬಿಟ್ಟೆ.”

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಈವರೆಗೂ ಹೇಳಿಲ್ಲ. ನಾನು ಕೇಳಿಲ್ಲ. ಒಳಗೆ ಹೋಗಿ ಚಹಾ ತಂದಿಟ್ಟು ಒಂದು ಮಾತು ಕೇಳಿದಳು.

“ಆ ಮಿಷನ್ ಆ ಹೊತ್ತಿಗೆ ಇವರ ಹತ್ರ ಇದ್ದಿದ್ರೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು.”

“ಹಂಗಾರೆ ಅದು ಕಪಾಟಲ್ಲಿ ಎಂತ ಮಾಡ್ತಿತ್ತು?”

ಆ ವಾರವೇ ಮೇಲ್ವಿಚಾರಕರು ಬಂದಾಗ ಬೀಗದ ಕೈ ಕೇಳಿ ತೆಗೆದುಕೊಂಡೆ. ಮಿಷನ್ನನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಬೀಗದ ಕೈಯನ್ನು ವಾಪಸು ಕೊಡಲಿಲ್ಲ.

ರಜೆ ಹಾಕಿ ತಿಮ್ಮಪ್ಪನ ಜೊತೆ ತೋಟಕ್ಕೆ ಹೋದೆ. ರಾಮ ಹೋದ ಮೇಲೆ ಹತ್ತುವವರಿಲ್ಲದೆ ತಿಮ್ಮಪ್ಪನೇ ಹಗ್ಗ ಬಿಟ್ಟು ಮರ ಹತ್ತತೊಡಗಿದ್ದ. ಒಂಬತ್ತೂವರೆಗೆ ಇಳಿಸಿದೆ. ಬೆರಳು ಒರೆಸಿ ಚುಚ್ಚಿದೆ. ಅರವತ್ತೊಂದು. ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಕೂಡಲೇ ಸಿಹಿ ತಿನ್ನಿಸಬೇಕು. ಆರೋಗ್ಯ ಕೇಂದ್ರದ ಅವನ ಕಾರ್ಡಿನಲ್ಲಿ ಹಿಂದಿನ ಮಂಗಳವಾರದ್ದು ಇನ್ನೂರ ಇಪ್ಪತ್ತು ಇತ್ತು. ಒಂದೇ ಮನುಷ್ಯ. ನಾನೇ ಬೆಲ್ಲ ತಿನ್ನಿಸಿದೆ. ಹದಿನೈದು ನಿಮಿಷ ಕಾದು ಮತ್ತೆ ಚುಚ್ಚಿದೆ. ತೊಂಬತ್ತೆರಡು. ಬೆವರು ಒರೆಸಿಕೊಂಡು ಅವನು ನಕ್ಕ.

“ನಿಮ್ಮ ಕೈಯಿಂದ ಬೆಲ್ಲ ತಿಂದ ಮೊದ್ಲನೇ ಮನುಷ್ಯ ನಾನೇ ಇರ್ಬೇಕು ಅಕ್ಕೋರೆ.”

ಆ ಮಿಷನ್ನನ್ನು ರಾಮನ ಮನೆಯಲ್ಲಿಟ್ಟೆ. ಮರ ಹತ್ತುವವರೆಲ್ಲ ಬೆಳಿಗ್ಗೆ ಆ ದಾರಿಯಲ್ಲೇ ಹೋಗುವುದು. ನಾಗವೇಣಿಗೆ ಕಲಿಸಿದೆ. ಅವಳು ಏಳನೇ ತರಗತಿ ಓದಿದವಳು. ಎರಡು ದಿನಕ್ಕೆ ನನಗಿಂತ ಚೆನ್ನಾಗಿ ಮಾಡಿದಳು. ನೀವೂ ಇದನ್ನು ನೆನಪಿಡಿ. ಬೆರಳಿನ ತುದಿಗೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ. ಮರ ಹಿಡಿಯುವ ಕೈ ಅದು, ನೋವು ಉಳಿಯಬಾರದು. ಒಬ್ಬರ ಸೂಜಿ ಇನ್ನೊಬ್ಬರಿಗೆ ಯಾವತ್ತೂ ಬೇಡ. ಬಳಸಿದ್ದನ್ನು ದಪ್ಪ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ. ಪಟ್ಟಿಯ ಡಬ್ಬಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ. ಸಂಖ್ಯೆ ಏನೇ ಬರಲಿ, ಮೊದಲು ಏನು ತಿಂದಿದ್ದೀರಿ, ಎಲ್ಲಿಂದ ಬಂದಿರಿ ಎಂದು ಕೇಳಿ. ಬೈಯಬೇಡಿ. ಇದಕ್ಕಿಂತ ದೊಡ್ಡ ಪಾಠ ನನ್ನ ಹತ್ತಿರ ಇಲ್ಲ.

ನಾಗವೇಣಿಯ ಬೈಯದ ಬಾಯಿಗೆ ಎಲ್ಲರೂ ನಿಜ ಹೇಳತೊಡಗಿದರು. ನಿನ್ನೆ ಕುಡಿದದ್ದು, ಗುಳಿಗೆ ಬಿಟ್ಟದ್ದು, ನಡುಕ ಬಂದದ್ದು. ಅವಳು ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಮಾಡಿ, ಕೆಲಸದ ದಿನ ಎಂದೂ ಬಿಡುವಿನ ದಿನ ಎಂದೂ ಎರಡು ಸಾಲು ಹಾಕಿದಳು. ನಾನು ಹೇಳಿಕೊಟ್ಟದ್ದಲ್ಲ ಅದು, ಅವಳದೇ ಯೋಚನೆ. ಮೂವತ್ತೊಂದು ವರ್ಷ ನಾನು ತುಂಬಿದ ಯಾವ ರಿಜಿಸ್ಟರಿನಲ್ಲೂ ಆ ಎರಡು ಸಾಲು ಇರಲಿಲ್ಲ.

ಮೂರು ತಿಂಗಳಿಗೆ ತಾಲೂಕಿನ ಅಧಿಕಾರಿ ಜೀಪಿನಲ್ಲಿ ಬಂದರು. ಧಾರವಾಡ ಕಡೆಯವರು. ಕೆಟ್ಟವರಲ್ಲ, ಆದರೆ ನಿಯಮಕ್ಕೆ ಹೆದರುವವರು.

“ಏನ್ರಿ ಸಿಸ್ಟರ್, ಸರ್ಕಾರಿ ಮಿಷನ್ ಮಂದಿ ಮನ್ಯಾಗ ಇಟ್ಟೀರಂತಲ್ರಿ? ಯಾರ ಪರ್ಮಿಷನ್ ತಗೊಂಡ್ರಿ?”

“ಯಾರದ್ದೂ ತಗೊಳ್ಳಲಿಲ್ಲ ಸರ್.”

“ಅದರ ಸ್ಟ್ರಿಪ್ ಹೊಸ ರೋಗಿ ಹುಡುಕಾಕ ಐತ್ರಿ. ಹಳೇ ರೋಗಿ ದಿನಾ ಚುಚ್ಚಿಕೊಳ್ಳಾಕ ಅಲ್ಲ. ಇವರು ಏನ್ ಇನ್ಸುಲಿನ್ ತಗೊಳ್ತಾರೇನು? ಗುಳಿಗಿಯವ್ರಿಗೆ ತಿಂಗಳಿಗೆ ಒಮ್ಮೆ ಸಾಕ್ರಿ.”

ನಾಗವೇಣಿ ಚಹಾದ ಲೋಟ ಕೊಡಲು ಬಂದವಳು ಅಲ್ಲಿಯೇ ನಿಂತಳು.

“ಡೇರಿಲಿ ನಮ್ಮ ಎಮ್ಮೆ ಹಾಲು ದಿನಾ ಎರಡು ಸಲ ಟೆಸ್ಟ್ ಮಾಡ್ತಾರೆ ಸಾಹೇಬ್ರೆ. ಮನುಷ್ಯರ ರಕ್ತಕ್ಕೆ ತಿಂಗಳಿಗೆ ಒಂದ್ಸಲ ಸಾಕಾ?”

“ಹಾಲಿನ ಮಾತು ಬ್ಯಾರೆ ಐತಿ ಬಾಯಾರ.”

“ಬೇರೆನೇ. ಹಾಲು ಮರ ಹತ್ತೂದಿಲ್ಲ.”

ಅವರು ಚಹಾ ಕುಡಿದರು. ಮಿಷನ್ನನ್ನು ಒಯ್ದರು. ವಾರದಲ್ಲಿ ನನಗೆ ಕಾರಣ ಕೇಳುವ ನೋಟಿಸು ಬಂತು. ಎರಡು ಸಾಲಿನ ಉತ್ತರ ಬರೆದೆ. “ಮಿಷನ್ನು ಕಾಯಿಲೆ ಇರುವ ಜಾಗದಲ್ಲಿತ್ತು. ಹಿಂದೆ ಕಪಾಟಿನಲ್ಲಿದ್ದಾಗ ಅದಕ್ಕೆ ಕಾರಣ ಕೇಳಬೇಕಿತ್ತು.” ಹೀಗೆಲ್ಲ ಬರೆಯಬಾರದು, ತಪ್ಪಾಯಿತು ಎಂದು ಬರೆದುಕೊಡಿ, ಮುಗಿಸೋಣ ಎಂದು ಕಚೇರಿಯ ಗುಮಾಸ್ತರು ಒಳ್ಳೆಯ ಮಾತಿನಲ್ಲಿ ಹೇಳಿದರು. ನಾನು ತಪ್ಪು ಮಾಡಿದ್ದೇನೆ, ಆದರೆ ಇದಲ್ಲ ಎಂದೆ. ವರ್ಷದ ಸಂಬಳದ ಬಡ್ತಿ ತಡೆಹಿಡಿಯುತ್ತಾರೆ ಎಂದರು. ಹಿಡಿಯಲಿ ಎಂದೆ. ಹಿಡಿದರು.

ಆಮೇಲೆ ನಾನೇ ಒಂದು ಮಿಷನ್ ಕೊಂಡು ಅದೇ ಜಾಗದಲ್ಲಿಟ್ಟೆ. ಮಿಷನ್ ದೊಡ್ಡ ಮಾತಲ್ಲ, ಪಟ್ಟಿಯೇ ದುಬಾರಿ. ಮರ ಹತ್ತುವವರೆಲ್ಲ ಸೇರಿ ತರಿಸಿಕೊಂಡರು. ದಿನಾ ಎಲ್ಲರಿಗೂ ಆಗುತ್ತಿರಲಿಲ್ಲ. ಹತ್ತುವ ದಿನ ಮಾತ್ರ, ಮೈ ಸರಿಯಿಲ್ಲ ಅನಿಸಿದವರಿಗೆ ಮೊದಲು. ಗುಳಿಗೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ. ಸಕ್ಕರೆ ಇಳಿಸಲು ಗುಳಿಗೆ ಕೊಟ್ಟವರು, ಎಷ್ಟು ಇಳಿಯಿತು ಎಂದು ನೋಡಲು ಪಟ್ಟಿಯನ್ನು ಯಾಕೆ ಕೊಡಬಾರದು? ಎಲ್ಲರಿಗೂ ದಿನಾ ಬೇಕಿಲ್ಲ, ಅದು ನನಗೂ ಗೊತ್ತು. ಈ ಗುಳಿಗೆ ತಿಂದು ಮೈ ಮುರಿದು ದುಡಿಯುವವರಿಗೆ ಬೇಕು. ಪ್ರತಿ ಸಭೆಯಲ್ಲೂ ಎದ್ದು ನಿಂತು ಕೇಳಿದೆ. “ಮತ್ತೆ ಶುರು ಆಯ್ತು” ಎಂದು ಹಿಂದಿನ ಸಾಲಿನಲ್ಲಿ ಗೊಣಗುತ್ತಿದ್ದರು. ಗೊಣಗಿದರೂ ನಾನು ಕೂರಲಿಲ್ಲ.

ನನ್ನ ನಿವೃತ್ತಿಗೆ ಒಂದು ತಿಂಗಳಿರುವಾಗ ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹುಡುಗಿ. ತಿಮ್ಮಪ್ಪನನ್ನು ಮಂಗಳವಾರ ಕರೆದುಕೊಂಡು ಹೋದೆ. ಅವಳ ಮೇಜಿನ ಮೇಲಿನ ಕಾರ್ಡಿನಲ್ಲಿ ಇನ್ನೂರ ಮೂವತ್ತು.

“ತುಂಬ ಜಾಸ್ತಿ ಇದೆಯಲ್ಲ. ಗುಳಿಗೆ ಜಾಸ್ತಿ ಮಾಡಬೇಕು” ಎಂದು ಪೆನ್ನು ತೆಗೆದಳು.

“ಮೇಡಂ, ಇದನ್ನು ಒಮ್ಮೆ ನೋಡಿ” ಎಂದು ನಾಗವೇಣಿಯ ಪುಸ್ತಕ ಮುಂದಿಟ್ಟೆ. ಹಿಂದಿನ ಡಾಕ್ಟರು ಇಂಥ ಪುಸ್ತಕವನ್ನು ಮುಚ್ಚಿ ಪಕ್ಕಕ್ಕೆ ತಳ್ಳಿದ್ದರು.

ಅವಳು ಪುಟ ತಿರುವಿದಳು. ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

“ಕೆಲಸದ ದಿನ ಅಂದರೆ ಏನು ಕೆಲಸ ಮಾಡ್ತೀರಿ?”

“ಕೊನೆ ಕೊಯ್ಯೂದು ಮೇಡಂ. ಮರ ಹತ್ತೂದು.”

“ಅರವತ್ನಾಲ್ಕು, ಐವತ್ತೊಂಬತ್ತು... ಇಷ್ಟಿರುವಾಗ ಮರದ ಮೇಲಿದ್ರಾ?”

“ಅರ್ಧ ಹತ್ತಿ ಇಳಿದು ನಾಗವೇಣಕ್ಕನ ಮನೆಗೆ ಬಂದೆ. ಚುಚ್ಚಿ ನೋಡಿ ಬೆಲ್ಲ ಕೊಟ್ಲು.”

“ಮರ ಹತ್ತದೇ ಇದ್ದರೆ ಒಳ್ಳೆಯದು ಅಲ್ವ?”

“ಒಳ್ಳೇದೇ. ಆದ್ರೆ ಉಣ್ಣೂದು ಎಂತ ಮೇಡಂ?”

ಅವಳು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. ಚೀಟಿಯ ಮೇಲೆ ಮೊದಲೇ ಬರೆದಿದ್ದ ಗುಳಿಗೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದಳು. ಇಷ್ಟೊಂದು ಇಳಿಸದ ಬೇರೆ ಗುಳಿಗೆ ಬರೆದಳು. ಅದನ್ನು ತಿಂಡಿಯ ಜೊತೆಗೇ ನುಂಗಬೇಕು, ಬರೀ ಚಹಾದ ಮೇಲಲ್ಲ, ಹೊಟ್ಟೆಗೆ ಹಾಕದೆ ಮರ ಮುಟ್ಟಬಾರದು ಎಂದು ಎರಡು ಸಲ ಹೇಳಿದಳು. ಆಮೇಲೆ ಚೀಟಿಯ ಕೆಳಗೆ ಬರೆದದ್ದನ್ನು ಓದಿ ಹೇಳಿದಳು. “ಮರ ಹತ್ತುವ ಮೊದಲು ಸಕ್ಕರೆ ನೋಡಿಕೊಂಡೇ ಹತ್ತುವುದು.”

ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಒಂದು ಗೆರೆ. ಪೆನ್ನಿನ ಒಂದು ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ರಾಮನ ಚೀಟಿಯ ಮೇಲೂ ಯಾರಾದರೂ ಹೀಗೆ ಎಳೆಯಬಹುದಿತ್ತು. ಅದಕ್ಕೆ ಬೇಕಾಗಿದ್ದದ್ದು ಒಂದು ಕೆಲಸದ ದಿನದ ಒಂದು ಹನಿ ರಕ್ತ. ಆ ಹನಿಯನ್ನು ತೆಗೆಯಬೇಕಾಗಿದ್ದವಳು ನಾನು. ತಿಮ್ಮಪ್ಪ ಪಕ್ಕದಲ್ಲಿ ಬಂದು ಕುಳಿತ.

ಆ ರಾತ್ರಿ ತವರಿನಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ನಾನಿನ್ನೂ ಮುಖ ತೊಳೆಯುತ್ತಿದ್ದೆ. ತಿಮ್ಮಪ್ಪ ಅಂಗಳಕ್ಕೆ ಬಂದು ಬೆರಳು ಚಾಚಿದ. ನಾಗವೇಣಿ ಪಕ್ಕಕ್ಕೆ ಚುಚ್ಚಿ, ಹನಿ ಹಾಕಿ, ಮಿಷನ್ನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಎಪ್ಪತ್ತೆಂಟು. ಕೂತ್ಕೋ. ಉಂಡು, ಗುಳಿಗೆ ನುಂಗಿ, ಅರ್ಧ ಗಂಟೆ ಬಿಟ್ಟು ಹತ್ತು.”

“ಒಡೇರು ಬೈಕ್ ತಂದು ರಸ್ತೆಲಿ ನಿಂತಿದಾರೆ ನಾಗವೇಣಕ್ಕ. ಮನ್ಮನೆ ಊರಿನ ತೋಟಕ್ಕೆ ಹೋಗ್ಬೇಕು ಇವತ್ತು.”

ರಸ್ತೆಯಿಂದ ಹಾರನ್ನು ಕೇಳಿಸಿತು. ಒಮ್ಮೆ, ಆಮೇಲೆ ಉದ್ದಕ್ಕೆ ಇನ್ನೊಮ್ಮೆ. ತಿಮ್ಮಪ್ಪ ಎದ್ದು ನಿಂತ. ನಾಗವೇಣಿ ಅವನ ಮುಂದೆ ಗಂಜಿಯ ಬಟ್ಟಲು ಇಟ್ಟಳು. ಬೇಲಿಯ ತನಕ ನಡೆದುಹೋದಳು. ಗಂಡ ದುಡಿಯುತ್ತಿದ್ದ ತೋಟದೊಡೆಯರ ಎದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಯಾವತ್ತೂ ಕಾಣದ ನಾಗವೇಣಿ, ಬೇಲಿಯಿಂದಲೇ ರಸ್ತೆಗೆ ಕೇಳುವ ಹಾಗೆ ಕೂಗಿ ಹೇಳಿದಳು.

“ಕಾಯ್ರಿ. ಅವ ಉಣ್ತಿದಾನೆ.”